ಪಿ0420 ಕೋಡ್: ಹೋಗಿರುವುದು ಸೆನ್ಸರ್ರಾ, ಕ್ಯಾಟಾ?

ಪ್ರಶ್ನೆ:
ನನ್ನದು 2012ರ ಪೆಟ್ರೋಲ್ ಕಾರು, 1,18,000 ಕಿ.ಮೀ. ಓಡಿದೆ. ಶಿರಾಡಿ ಘಾಟಿ ಹತ್ತುವಾಗ ಚೆಕ್ ಎಂಜಿನ್ ಲೈಟ್ ಬಂತು. ಸ್ಕ್ಯಾನರ್‌ನಲ್ಲಿ ಪಿ0420, ಅಂದರೆ ಹೊಗೆ ಶುದ್ಧಿ ಸರಿಯಾಗಿ ಆಗುತ್ತಿಲ್ಲ ಅನ್ನುವ ಕೋಡ್. ಗ್ಯಾರೇಜಿನವರು ಕೆಳಗೆ ಬಗ್ಗಿಯೂ ನೋಡದೆ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್, ಹೊಗೆಯ ವಿಷ ಕಡಿಮೆ ಮಾಡುವ ಭಾಗ) ಬದಲಿಸಿ ಅನ್ನುತ್ತಾರೆ. ಕ್ಯಾಟ್‌ನ ಹಿಂದುಗಡೆಯ ಆಕ್ಸಿಜನ್ ಸೆನ್ಸರ್ ಹೊಸದು ಹಾಕಿದೆ. ಮೂರೇ ದಿನಕ್ಕೆ ಲೈಟ್ ವಾಪಸ್!

ಉತ್ತರ 1:
ಸುಮ್ನೆ ದುಡ್ಡು ಸುರಿದಿರಿ ಸರ್. ಆ ಸೆನ್ಸರ್ ಬರೀ ಚಾಡಿ ಹೇಳುವವನು, ತಪ್ಪು ಮಾಡಿದವನಲ್ಲ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ 2500 ಆರ್‌ಪಿಎಂನಲ್ಲಿ ಹಿಡಿದು ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ ನೋಡಿ. ಕ್ಯಾಟ್‌ನ ಮುಂದುಗಡೆಯ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಕುಣಿಯಬೇಕು. ಹಿಂದಿನದು 0.6-0.7ರ ಹತ್ತಿರ ತೆಪ್ಪಗಿರಬೇಕು. ಅದೂ ಜೊತೆಗೆ ಕುಣಿದರೆ ಕ್ಯಾಟ್ ಮೇಲೆ ಅನುಮಾನ. ಅದಕ್ಕೂ ಮೊದಲು ಹೊಗೆ ಪೈಪಿನ ಜಾಯಿಂಟ್ ನೋಡಿ. ಲೀಕ್ ಇದ್ದರೆ ಹೊರಗಿನ ಗಾಳಿ ಸೇರಿ ರೀಡಿಂಗ್ ಕೆಡುತ್ತದೆ.

ಉತ್ತರ 2:
ಮಿಸ್‌ಫೈರ್ (ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಇದೆಯಾ? ಸುಡದ ಪೆಟ್ರೋಲ್ ಕ್ಯಾಟ್ ಒಳಗೆ ಉರಿದು ಅದನ್ನೇ ಕರಗಿಸುತ್ತದೆ. ಇದನ್ನು ಸರಿಮಾಡದಿದ್ದರೆ ಹೊಸ ಕ್ಯಾಟೂ ಢಮಾರ್.

ಪ್ರಶ್ನೆ ಕೇಳಿದವರು:
ಮಿಸ್‌ಫೈರ್ ಇಲ್ಲ. ಆದರೆ ಪೈಪಿನ ಮುಂದುಗಡೆ ಜಾಯಿಂಟಿನ ಗ್ಯಾಸ್ಕೆಟ್ (ಲೀಕ್ ತಡೆಯುವ ಸೀಲ್) ಸುತ್ತ ಕಪ್ಪು ಮಸಿ ಇತ್ತು, ಅಲ್ಲೇ ಲೀಕ್! ಗ್ಯಾಸ್ಕೆಟ್ ಬದಲಿಸಿದೆ. ಹಿಂದಿನ ಸೆನ್ಸರ್ ಈಗ 0.68ರಲ್ಲಿ ನಿಂತಿದೆ. 400 ಕಿ.ಮೀ. ಆಯ್ತು, ಲೈಟ್ ಬಂದಿಲ್ಲ. ಹಳೆ ಸೆನ್ಸರ್ ಡಿಕ್ಕಿಯಲ್ಲೇ ಇದೆ, ಬೇಕಾ ಯಾರಿಗಾದರೂ?