ತೋಟದ ಮನೆಗೆ ಯಾವ ಸಿಮ್? ಮಲೆನಾಡಿನವರ ಅನುಭವಗಳು

ಪ್ರಶ್ನೆ: ಸಕಲೇಶಪುರ ತಾಲ್ಲೂಕು, ಹಾನುಬಾಳು ಕಡೆಯಿಂದ

ಹನ್ನೆರಡು ವರ್ಷ ಬೆಂಗಳೂರಿನಲ್ಲಿದ್ದು, ಈ ಬಾರಿಯ ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ಊರಿಗೆ ಮರಳಿದ್ದೇನೆ. ಮನೆಯಲ್ಲಿ ತಾಯಿ ಒಬ್ಬರೇ ಇದ್ದಾರೆ. ನನ್ನದು ವಾರದಲ್ಲಿ ನಾಲ್ಕು ದಿನವಾದರೂ ವಿಡಿಯೊ ಸಭೆಗಳಲ್ಲಿ ಕೂರಬೇಕಾದ ಕೆಲಸ. ಸಕಲೇಶಪುರ ಪೇಟೆಯಲ್ಲಿ 5ಜಿ ಎಂದು ತೋರಿಸುವ ಇದೇ ಫೋನು ಮನೆಯೊಳಗೆ ಒಂದು ಕಡ್ಡಿಗೆ ಇಳಿಯುತ್ತದೆ, ಅಂಗಳದಲ್ಲಿ ಎರಡಾಗುತ್ತದೆ, ಅಟ್ಟದ ಕಿಟಕಿಯ ಬಳಿ ನಿಂತರೆ ಮಾತ್ರ ಮಾತು ಕೇಳಿಸುತ್ತದೆ. ನಂಬರ್ ಉಳಿಸಿಕೊಂಡೇ ಬೇರೆ ಕಂಪನಿಗೆ ಬದಲಾಗಬೇಕೇ (ಪೋರ್ಟ್ ಆಗಬೇಕೇ), ಆನ್‌ಲೈನ್‌ನಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ತರಿಸಬೇಕೇ, ಇಲ್ಲವೇ ಎರಡನೆಯ ಸಿಮ್ ಇಟ್ಟುಕೊಳ್ಳಬೇಕೇ ಎಂಬುದು ತಿಳಿಯುತ್ತಿಲ್ಲ. ಆನೆಗಳು ಎಲ್ಲಿವೆ ಎಂದು ತಿಳಿಸುವ ಸಂದೇಶ ತಾಯಿಯ ಫೋನಿಗೆ ಒಮ್ಮೊಮ್ಮೆ ಮರುದಿನ ಬರುತ್ತದೆ. ನನ್ನ ಸಭೆಗಳಿಗಿಂತ ಅದೇ ದೊಡ್ಡ ಚಿಂತೆ. ಇಂಥದೇ ಜಾಗದಲ್ಲಿರುವವರು ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಮೂಡಿಗೆರೆ ತಾಲ್ಲೂಕು, ಕೊಟ್ಟಿಗೆಹಾರದ ಸಮೀಪದಿಂದ

ಬೇಸಿಗೆಯಲ್ಲಿ ಸಿಮ್ ಪರೀಕ್ಷಿಸಿ ನಿರ್ಧಾರಕ್ಕೆ ಬರಬೇಡಿ. ಆ ತಪ್ಪನ್ನು ಮಾಡಿದವನು ನಾನು. ಆರು ವರ್ಷದ ಹಿಂದೆ ಜನವರಿ ತಿಂಗಳಲ್ಲಿ ಪಕ್ಕದ ತೋಟದವರ ಫೋನಿನಲ್ಲಿ ಪಟಪಟನೆ ವಿಡಿಯೊ ಓಡುವುದನ್ನು ಕಂಡು ಅದೇ ಕಂಪನಿಗೆ ಪೋರ್ಟ್ ಆದೆ. ಐದು ತಿಂಗಳು ಸುಖವಾಗಿತ್ತು. ಆರಿದ್ರ ಮಳೆ ಹಿಡಿದ ಮೂರನೆಯ ದಿನ ಕರೆಂಟು ಹೋಯಿತು, ಸಂಜೆಯೊಳಗೆ ಫೋನಿನ ಕಡ್ಡಿಗಳೂ ಹೋದವು, ಮತ್ತೆ ಬಂದದ್ದು ನಾಲ್ಕು ದಿನ ಕಳೆದ ಮೇಲೆ.

ಆಮೇಲೆ ವಿಚಾರಿಸುತ್ತ ಹೋದಾಗ ತಿಳಿದದ್ದು ಇಷ್ಟು. ನಮ್ಮ ಮನೆಗೂ ಆ ಟವರಿಗೂ ಬರುವ ವಿದ್ಯುತ್ ಮಾರ್ಗ ಒಂದೇ. ಮರ ಬಿದ್ದು ತಂತಿ ತುಂಡಾದರೆ ಎರಡೂ ಕಡೆ ಕತ್ತಲೆ. ಟವರಿನ ಬ್ಯಾಟರಿ ಕೆಲವು ಗಂಟೆ ಎಳೆಯುತ್ತದೆ, ಅನಂತರ ಜನರೇಟರಿಗೆ ಡೀಸೆಲ್ ಹಾಕುವವರು ಬರಬೇಕು, ಅವರು ಬರುವ ದಾರಿಯ ಮೇಲೂ ಮರ ಬಿದ್ದಿರುತ್ತದೆ. ಇದರ ಮೇಲೆ ಇನ್ನೊಂದು ತೊಡಕಿದೆ. ಟವರಿನ ಮೇಲೆ ತಮಟೆಯ ಹಾಗೆ ಕಾಣುವ ದುಂಡನೆಯ ಬಿಳಿ ತಟ್ಟೆಗಳನ್ನು ನೀವು ನೋಡಿರಬಹುದು. ಅವು ನಮ್ಮ ಫೋನಿನೊಂದಿಗೆ ಮಾತನಾಡುವುದಿಲ್ಲ. ಫೈಬರ್ ಕೇಬಲ್ ತಲುಪದ ಟವರನ್ನು ಮುಂದಿನ ಗುಡ್ಡದ ಟವರಿಗೆ ಜೋಡಿಸುವ ಮೈಕ್ರೋವೇವ್ ಕೊಂಡಿಗಳು ಅವು. ಜಡಿಮಳೆಯಲ್ಲಿ ಆ ಕೊಂಡಿ ದುರ್ಬಲವಾಗುತ್ತದೆ, ಮುಂದಿನ ಟವರಿಗೆ ಕರೆಂಟು ಹೋದರೆ ಹಿಂದಿನದೂ ನಿಷ್ಪ್ರಯೋಜಕವಾಗುತ್ತದೆ. ಆಗ ಫೋನಿನಲ್ಲಿ ನಾಲ್ಕು ಕಡ್ಡಿ ಕಾಣುತ್ತಿದ್ದರೂ ವಾಟ್ಸ್ಯಾಪಿನ ಒಂದು ಟಿಕ್ ಎರಡಾಗುವುದೇ ಇಲ್ಲ.

ಆದ್ದರಿಂದ ನೆರೆಹೊರೆಯಲ್ಲಿ ವಿಚಾರಿಸುವಾಗ ‘ಸ್ಪೀಡ್ ಎಷ್ಟು ಬರುತ್ತದೆ’ ಎಂದು ಕೇಳಬೇಡಿ. ‘ಹೋದ ಜುಲೈಯಲ್ಲಿ ಕರೆಂಟು ಹೋದಾಗ ಯಾವುದು ಕೊನೆಯವರೆಗೆ ಉಳಿಯಿತು, ಯಾವುದು ಮೊದಲು ಬಂತು’ ಎಂದು ಕೇಳಿ. ಕೇಳುವುದಾದರೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನೋ, ಹಾಲಿನ ಡೇರಿಯ ಕಾರ್ಯದರ್ಶಿಯನ್ನೋ, ಆಶಾ ಕಾರ್ಯಕರ್ತೆಯನ್ನೋ ಕೇಳಿ. ದಿನವೂ ಫೋನಿನಿಂದಲೇ ಲೆಕ್ಕ ಒಪ್ಪಿಸಬೇಕಾದವರಿಗೆ ಇದು ಬಾಯಿಪಾಠವಾಗಿರುತ್ತದೆ.

ಎರಡು ಸಿಮ್ ಇಟ್ಟುಕೊಳ್ಳುವ ಯೋಚನೆ ಒಳ್ಳೆಯದು, ಆದರೆ ಅದರಲ್ಲಿಯೂ ನಾನು ಒಮ್ಮೆ ಮೋಸಹೋದೆ. ಎರಡು ಬೇರೆ ಬೇರೆ ಕಂಪನಿಗಳ ಸಿಮ್ ಹಾಕಿಕೊಂಡು ನಿಶ್ಚಿಂತನಾಗಿದ್ದವನಿಗೆ, ಎರಡೂ ಒಂದೇ ನಿಮಿಷದಲ್ಲಿ ಸತ್ತಾಗಲೇ ತಿಳಿದದ್ದು ಅವೆರಡರ ಆಂಟೆನಾ ಇರುವುದು ಒಂದೇ ಕಬ್ಬಿಣದ ಟವರಿನ ಮೇಲೆ ಎಂದು. ಈಗಿನ ದಿನಗಳಲ್ಲಿ ಒಂದೇ ಟವರನ್ನು ಹಲವು ಕಂಪನಿಗಳು ಹಂಚಿಕೊಳ್ಳುವುದು ಸಾಮಾನ್ಯ. ಕೇಂದ್ರ ದೂರಸಂಪರ್ಕ ಇಲಾಖೆ 2017ರಲ್ಲಿ ತೆರೆದ ‘ತರಂಗ ಸಂಚಾರ್’ ಪೋರ್ಟಲ್‌ನಲ್ಲಿ ನಿಮ್ಮ ಸುತ್ತಲಿನ ಟವರುಗಳನ್ನು ನಕ್ಷೆಯ ಮೇಲೆ ನೋಡಬಹುದು. ವಿಕಿರಣದ ಅನುಮಾನ ನಿವಾರಿಸಲೆಂದು ಮಾಡಿದ ವ್ಯವಸ್ಥೆ ಅದು. ನಮಗೆ ಈ ಕೆಲಸಕ್ಕೂ ಒದಗುತ್ತದೆ. ಒಂದು ಸಿಮ್ ಘಟ್ಟದ ಕಡೆಯ ಟವರಿನದ್ದಾದರೆ ಇನ್ನೊಂದು ಪೇಟೆಯ ಕಡೆಯದ್ದಾಗಿರಲಿ.

5ಜಿಯ ವಿಷಯದಲ್ಲಿ ಹೆಚ್ಚು ಆಸೆ ಬೇಡ. 2022ರ ಅಕ್ಟೋಬರ್ 1ರಂದು ದೇಶದಲ್ಲಿ ಆರಂಭವಾದ ಈ ಸೇವೆಯ ಹೆಸರುವಾಸಿ ವೇಗ ಮುಖ್ಯವಾಗಿ 3,500 ಮೆಗಾಹರ್ಟ್ಸ್ ಆಸುಪಾಸಿನ ತರಂಗಗಳಿಂದ ಬರುವಂಥದ್ದು. ಬೇಗನೆ ಸೋತುಹೋಗುವ ಆ ಅಲೆ, ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ಒದ್ದೆ ಎಲೆಗಳನ್ನು ದಾಟಿ ಹೆಂಚಿನ ಮನೆಯ ದಪ್ಪ ಗೋಡೆಯನ್ನು ಹೊಕ್ಕೀತೆಂದು ನಿರೀಕ್ಷಿಸುವುದು ತಪ್ಪು. ಕಣಿವೆಯ ಮನೆಗಳನ್ನು ಕಾಪಾಡುವುದು 700, 850, 900 ಮೆಗಾಹರ್ಟ್ಸ್‌ನ ತಗ್ಗು ತರಂಗಗಳು. ಜಿಯೊದ 4ಜಿಗೆ 850, ಏರ್‌ಟೆಲ್‌ಗೆ 900, ಬಿಎಸ್‌ಎನ್‌ಎಲ್‌ನ ಹೊಸ 4ಜಿಗೆ 700 ಇವೆ. ಇವುಗಳಲ್ಲಿ ಯಾವುದು ನಿಮ್ಮ ಗುಡ್ಡದ ಮುಖಕ್ಕೆ ಬೀಳುತ್ತದೆ ಎಂಬುದನ್ನು ಊರವರೇ ಹೇಳಬೇಕು. ನನ್ನ ಮನೆಯಲ್ಲಿ ಗೆದ್ದ ಸಿಮ್ ಅರ್ಧ ಮೈಲಿ ಆಚೆಯ ತಮ್ಮನ ಮನೆಯಲ್ಲಿ ಸೋತಿದೆ, ನಡುವೆ ಇರುವುದು ಒಂದು ದಿಬ್ಬ ಮಾತ್ರ.

ಹಾಸನ ನಗರದಿಂದ, ಮೊಬೈಲ್ ಅಂಗಡಿ ನಡೆಸುವವರು

ಮೇಲಿನವರ ಮಾತಿಗೆ ವ್ಯಾಪಾರದ ಕಡೆಯಿಂದ ಕೆಲವನ್ನು ಸೇರಿಸುತ್ತೇನೆ. ಬ್ಯಾಂಕು, ಆಧಾರ್ ಎಲ್ಲಕ್ಕೂ ಜೋಡಿಸಿರುವ ಹಳೆಯ ನಂಬರನ್ನು ಮೊದಲಿಗೇ ಪೋರ್ಟ್ ಮಾಡಬೇಡಿ. ಹೊಸ ಸಿಮ್ ಒಂದನ್ನು ಕೊಂಡು ಒಂದು ಮಳೆಗಾಲ ನೋಡಿ, ಒಗ್ಗಿದರೆ ಆಗ ಬದಲಾಯಿಸಿ. ಏಕೆಂದರೆ ಒಮ್ಮೆ ಪೋರ್ಟ್ ಆದ ಮೇಲೆ ಆ ಕಂಪನಿಯಲ್ಲಿ 90 ದಿನ ಕಳೆಯದೆ ಇನ್ನೊಂದಕ್ಕೆ ಹೋಗಲಾಗದು; ಆಷಾಢದಲ್ಲಿ ತಪ್ಪು ಮಾಡಿದರೆ ದಸರಾದವರೆಗೆ ಅನುಭವಿಸಬೇಕು. ಪೋರ್ಟ್ ಎಂದು ಇಂಗ್ಲಿಷ್‌ನಲ್ಲಿ ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಸೇರಿಸಿ 1900ಕ್ಕೆ ಎಸ್ಸೆಮ್ಮೆಸ್ ಕಳುಹಿಸಿದರೆ ಬರುವ ಕೋಡ್ ನಾಲ್ಕು ದಿನ ಮಾತ್ರ ಊರ್ಜಿತ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಿಯಮದಂತೆ, ಕಳೆದುಹೋದ ಸಿಮ್ ಬದಲಿಸಿಕೊಂಡವರಿಗೆ ಏಳು ದಿನದವರೆಗೆ ಆ ಕೋಡ್ ಸಿಗುವುದಿಲ್ಲ. ಸಿಗ್ನಲ್ ಇಲ್ಲದ ಮನೆಯಿಂದ ಆ ಎಸ್ಸೆಮ್ಮೆಸ್ ಕಳುಹಿಸುವುದಕ್ಕೇ ಪೇಟೆಗೆ ಬರುವವರನ್ನು ನಾನು ಕಂಡಿದ್ದೇನೆ.

ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಯನ್ನು 2025ರ ಸೆಪ್ಟೆಂಬರ್ 27ರಂದು ಉದ್ಘಾಟಿಸಲಾಯಿತು. ಅದನ್ನು ಬಳಸುವುದಾದರೆ ಎರಡು ವಿಷಯ ನೋಡಿಕೊಳ್ಳಿ. ಹಳೆಯ 2ಜಿ, 3ಜಿ ಕಾಲದ ಸಿಮ್ ಇದ್ದರೆ ಬದಲಿಸಬೇಕು. ಮತ್ತು ಫೋನಿನಲ್ಲಿ 28ನೆಯ ಬ್ಯಾಂಡ್, ಅಂದರೆ 700 ಮೆಗಾಹರ್ಟ್ಸ್, ಹಿಡಿಯುವ ಶಕ್ತಿ ಇರಬೇಕು. ಎಷ್ಟೋ ಹಳೆಯ ಫೋನುಗಳಲ್ಲಿ ಅದಿಲ್ಲ. ಅಂಥ ಫೋನು ಹಿಡಿದು ನೆಟ್‌ವರ್ಕ್ ಕೆಟ್ಟದು ಎಂದು ಬೈಯುವವರು ವಾರಕ್ಕೆ ಇಬ್ಬರಾದರೂ ಅಂಗಡಿಗೆ ಬರುತ್ತಾರೆ.

ಇನ್ನು, ಫೋನಿನ ನೆತ್ತಿಯಲ್ಲಿ 5ಜಿ ಎಂದು ಕಂಡ ಮಾತ್ರಕ್ಕೆ ದತ್ತಾಂಶ 5ಜಿಯಲ್ಲೇ ಹರಿಯುತ್ತಿದೆ ಎಂದಲ್ಲ. 4ಜಿಯ ಆಸರೆಯಲ್ಲಿ ನಡೆಯುವ 5ಜಿ ಜಾಲಗಳಲ್ಲಿ ಆ ಗುರುತು ಬರುವುದಕ್ಕೆ 4ಜಿ ಟವರಿನ ಸೂಚನೆ ಸಾಕಾಗುತ್ತದೆ. ಗಡಿ ಜಾಗದಲ್ಲಿ ಫೋನು ಎರಡರ ನಡುವೆ ಹೊಯ್ದಾಡುತ್ತ ಬ್ಯಾಟರಿ ತಿನ್ನುತ್ತದೆ, ಕರೆಯನ್ನೂ ಕಡಿಯುತ್ತದೆ. ಹಾನುಬಾಳಿನಂಥ ಕಡೆ ಸೆಟ್ಟಿಂಗ್‌ನಲ್ಲಿ 4ಜಿಗೆ ಕಟ್ಟಿಹಾಕುವುದು ಲೇಸು. ತಾಯಿಯ ಫೋನಿಗೆ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ, ಇಂಟರ್ನೆಟ್ಟಿಗೆ ದುಡ್ಡು ಕೀಳದ ರೀಚಾರ್ಜ್ ಸಿಗುತ್ತದೆ. ಕಂಪನಿಗಳು ಅದನ್ನು ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿದೆ. ಅಂಗಡಿಯವರು ತಾವಾಗಿ ಹೇಳುವುದಿಲ್ಲ, ಕೇಳಿ ಪಡೆಯಿರಿ.

ಕಳಸದಿಂದ

ಬೂಸ್ಟರ್ ತರಿಸಬೇಡಿ. ಪರವಾನಗಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದೂ ಮಾರುವುದೂ ಕಾನೂನಿಗೆ ವಿರುದ್ಧ. ಕಾನೂನಿನ ಮಾತು ಬದಿಗಿರಲಿ, ನಮ್ಮ ಕೇರಿಯಲ್ಲಿ ಒಬ್ಬರು ಹೋಂಸ್ಟೇಗೆಂದು ಅದನ್ನು ಹಾಕಿಸಿದ ಮೇಲೆ ಅವರ ಅತಿಥಿಗಳಿಗೆ ಟವರ್ ಸಿಕ್ಕಿತು, ಸುತ್ತಲಿನ ಏಳೆಂಟು ಮನೆಗಳಿಗೆ ಇದ್ದದ್ದೂ ಹೋಯಿತು. ಅಗ್ಗದ ಬೂಸ್ಟರ್ ಒಳ್ಳೆಯ ಸಂಕೇತದ ಜೊತೆಗೆ ಗದ್ದಲವನ್ನೂ ದೊಡ್ಡದು ಮಾಡಿ ಟವರಿನ ಕಿವಿಗೆ ತುಂಬುತ್ತದೆ. ಆ ಗದ್ದಲದಲ್ಲಿ ದೂರದ ಫೋನುಗಳ ಸಣ್ಣ ದನಿ ಟವರಿಗೆ ಕೇಳಿಸುವುದಿಲ್ಲ. ಕಾರಣ ತಿಳಿಯುವುದಕ್ಕೆ ನಮಗೆ ಎರಡು ತಿಂಗಳು ಹಿಡಿಯಿತು, ಅವರನ್ನು ಒಪ್ಪಿಸಿ ತೆಗೆಸುವುದಕ್ಕೆ ಮತ್ತೊಂದು.

ಅದರ ಬದಲು ಸಿಮ್ ಹಾಕುವ 4ಜಿ ರೂಟರ್ ಕೊಂಡು, ಅದಕ್ಕೆ ಹೊರಗಿನ ಆಂಟೆನಾ ಜೋಡಿಸಿ. ಇದು ಫೋನಿನಂತೆಯೇ ಗ್ರಾಹಕರ ಉಪಕರಣವಾದ್ದರಿಂದ ಆ ತಕರಾರಿಲ್ಲ. ಮೊದಲ ಸಲ ನಾನು ಕೊಂಡ ಆಂಟೆನಾ ದಂಡವಾಯಿತು. ಅದರ ಮೇಲೆ 1710ರಿಂದ 2690 ಮೆಗಾಹರ್ಟ್ಸ್ ಎಂದು ಬರೆದಿತ್ತು, ನಮ್ಮ ಕಣಿವೆಗೆ ಬರುತ್ತಿದ್ದದ್ದು 850. ಕೊಳ್ಳುವ ಮುನ್ನ ಆ ಅಂಕಿ 700ರ ಹತ್ತಿರದಿಂದ ಶುರುವಾಗುತ್ತದೆಯೇ ಎಂದು ನೋಡಿ. ಎರಡನೆಯ ತಪ್ಪು, ಛಾವಣಿಯಿಂದ ಪಡಸಾಲೆಯವರೆಗೆ ಹದಿನೈದು ಮೀಟರ್ ತೆಳ್ಳನೆಯ ಕೇಬಲ್ ಎಳೆದದ್ದು. ಆಂಟೆನಾ ಹಿಡಿದದ್ದನ್ನು ಕೇಬಲ್ಲೇ ನುಂಗಿತು. ಈಗ ರೂಟರನ್ನು ಆಂಟೆನಾದ ಪಕ್ಕದಲ್ಲೇ, ಮಾಡಿನ ಕೆಳಗೆ ಮಳೆ ತಾಗದಂತೆ ಇರಿಸಿ, ಮನೆಯೊಳಕ್ಕೆ ನೆಟ್‌ವರ್ಕ್ ಕೇಬಲ್ ಇಳಿಸಿದ್ದೇನೆ.

ಕಡ್ಡಿ ಎಣಿಸುವುದನ್ನು ಬಿಡಿ, ಅದು ಫೋನಿನಿಂದ ಫೋನಿಗೆ ಬೇರೆ. ಸೆಟ್ಟಿಂಗ್‌ನಲ್ಲಿ ‘ಫೋನಿನ ಬಗ್ಗೆ’ ಎಂಬಲ್ಲಿ ಸಿಮ್ ಸ್ಥಿತಿ ನೋಡಿದರೆ ಸಿಗ್ನಲ್ ಬಲ ಮೈನಸ್ ಅಂಕಿಯಲ್ಲಿರುತ್ತದೆ. ಮೈನಸ್ 85ರ ಆಸುಪಾಸು ಇದ್ದರೆ ಭಾಗ್ಯ, ಮೈನಸ್ 100ರಲ್ಲಿ ಕೆಲಸ ನಡೆಯುತ್ತದೆ, 115 ದಾಟಿದರೆ ಕಷ್ಟ. ಅದನ್ನು ಬರೆದಿಟ್ಟುಕೊಂಡು ಅಂಗಳ, ಕೊಟ್ಟಿಗೆ, ಕಣ ಎಲ್ಲ ಕಡೆ ಒಮ್ಮೆ ಸುತ್ತಿ. ಸಭೆಗಳಿಗೆ ಡೌನ್‌ಲೋಡಿಗಿಂತ ಅಪ್‌ಲೋಡ್ ವೇಗ ಮುಖ್ಯ; ಅದು ಎರಡು ಮೂರು ಎಂಬಿಪಿಎಸ್ ಸ್ಥಿರವಾಗಿ ಬಂದರೆ ಸಾಕು. ಪರೀಕ್ಷೆಯನ್ನು ರಾತ್ರಿ ಎಂಟರ ಮೇಲೆಯೂ ಮಾಡಿ, ಊರಿನವರೆಲ್ಲ ಫೋನು ಹಿಡಿದು ಕೂತಾಗ ನಿಜವಾದ ಅಂಕಿ ತಿಳಿಯುತ್ತದೆ.

ಕೊಪ್ಪದಿಂದ

ಇಷ್ಟೆಲ್ಲ ಟವರಿನ ಚರ್ಚೆಯ ನಡುವೆ ಫೈಬರನ್ನು ಯಾರೂ ಹೇಳಲಿಲ್ಲವಲ್ಲ! ನಿಮ್ಮ ಗ್ರಾಮ ಪಂಚಾಯಿತಿಯವರೆಗೆ ಕೇಬಲ್ ಬಂದಿದ್ದರೆ ಮನೆಗೆ ಎಳೆದುಕೊಡುವವರು ಇದ್ದಾರೆಯೇ ಎಂದು ಮೊದಲು ಕೇಳಿ. ಒಮ್ಮೆ ಮನೆಗೆ ಫೈಬರ್ ಬಂದರೆ, ಫೋನಿನಲ್ಲಿ ವೈಫೈ ಕರೆಯ ಸೌಲಭ್ಯವನ್ನು ತೆರೆದಿಟ್ಟರಾಯಿತು, ಟವರ್ ಇಲ್ಲದೆಯೂ ಅದೇ ನಂಬರಿಗೆ ಕರೆ ಬರುತ್ತದೆ. ನನ್ನ ಅತ್ತೆಗೆ ಇದು ಮೂರು ವರ್ಷದಿಂದ ಒಗ್ಗಿದೆ. ಫೈಬರಿನ ಪೆಟ್ಟಿಗೆಗೆ 12 ವೋಲ್ಟಿನ ಚಿಕ್ಕ ಯುಪಿಎಸ್ ಇದ್ದರೆ ಕರೆಂಟು ಹೋದರೂ ಕೆಲವು ಗಂಟೆ ನಡೆಯುತ್ತದೆ. ದೋಷವೂ ಇದೆ, ಮುಚ್ಚಿಡುವುದಿಲ್ಲ: ನಮ್ಮ ಕಡೆ ಕೇಬಲ್ ಹೋಗುವುದು ಕಂಬದಿಂದ ಕಂಬಕ್ಕೆ, ಮರ ಬಿದ್ದರೆ ಅದೂ ಬೀಳುತ್ತದೆ, ರಸ್ತೆ ಅಗಲ ಮಾಡುವ ಯಂತ್ರಕ್ಕೂ ಅದು ಕಾಣುವುದಿಲ್ಲ. ಹೋದ ವರ್ಷ ಒಂಬತ್ತು ದಿನ ಇಲ್ಲದೆ ಕಳೆದೆವು. ಫೈಬರಿನ ಜೊತೆಗೆ ಒಂದು ಸಿಮ್ ರೂಟರ್ ಎಂಬುದೇ ನನ್ನ ಲೆಕ್ಕ.

ದೂರು ಕೊಡುವುದಾದರೆ ದೂರಿನ ನೋಂದಣಿ ಸಂಖ್ಯೆ (ಡಾಕೆಟ್ ಸಂಖ್ಯೆ) ಪಡೆಯದೆ ಫೋನ್ ಇಡಬೇಡಿ. ಉತ್ತರ ತೃಪ್ತಿಕರವಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಅದೇ ಆಧಾರ. ಟ್ರಾಯ್‌ನ 2024ರ ಗುಣಮಟ್ಟ ನಿಯಮಾವಳಿಯಂತೆ ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕು. ನಕ್ಷೆಯಲ್ಲಿ ನಿಮ್ಮ ಮನೆಗೆ ಬಣ್ಣ ಹಚ್ಚಿದ್ದು, ಮನೆಯಲ್ಲಿ ಸಿಗ್ನಲ್ ಇಲ್ಲದಿದ್ದರೆ, ಆ ಚಿತ್ರವನ್ನೇ ದೂರಿಗೆ ಲಗತ್ತಿಸಿ. ನಾನು ಹಾಗೆ ಮಾಡಿದ ಮೇಲೆ ಒಬ್ಬರು ಬಂದು ಅಳತೆ ತೆಗೆದುಕೊಂಡು ಹೋದರು, ಆಂಟೆನಾದ ದಿಕ್ಕು ತುಸು ಬದಲಾಯಿತು, ಅಡುಗೆಮನೆಯಲ್ಲಿ ಮಾತು ಕೇಳಿಸತೊಡಗಿತು.

ಹಾನುಬಾಳಿನಿಂದ ಮತ್ತೆ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಮೂರು ಸಿಮ್ ಹಿಡಿದು ಸುತ್ತಿದೆ. ಮನೆಯೊಳಗೆ ನನ್ನ ಈಗಿನ ಸಿಮ್ ಮೈನಸ್ 117, ಕಾಫಿ ಒಣಗಿಸುವ ಕಣದ ಮೇಲಿನ ದಿಬ್ಬದಲ್ಲಿ 98; ತಂಗಿಯ ಸಿಮ್ ಒಳಗೆ 108, ದಿಬ್ಬದಲ್ಲಿ 94. ನಕ್ಷೆ ನೋಡಿದರೆ ಎರಡೂ ಬೇರೆ ಬೇರೆ ಟವರಿನವು. ಡೇರಿಯ ಕಾರ್ಯದರ್ಶಿಯವರನ್ನು ಕೇಳಿದಾಗ ಅವರು ಯೋಚಿಸದೆ ಹೇಳಿದ್ದು ತಂಗಿಯ ಕಂಪನಿಯ ಹೆಸರನ್ನೇ. ತಾಯಿಯ ಫೋನಿಗೆ ಅದರ ಸಿಮ್ ಒಂದನ್ನು ಸೇರಿಸಿ, 5ಜಿ ಬಂದ್ ಮಾಡಿ 4ಜಿಗೆ ಕಟ್ಟಿಹಾಕಿದ್ದೇನೆ. ಆನೆಯ ಸಂದೇಶ ನಿನ್ನೆ ಸಂಜೆ ಆರಕ್ಕೇ ಬಂತು. ಫೈಬರ್ ನಮ್ಮಿಂದ ಎರಡು ಕಿಲೋಮೀಟರ್ ದೂರದಲ್ಲಿ ನಿಂತಿದೆ. ಹಾಗಾಗಿ ದಿಬ್ಬದ ಮೇಲೆ ಕಬ್ಬಿಣದ ಕಂಬ ನೆಟ್ಟು ರೂಟರ್ ಇಡಬೇಕೆಂದಿದ್ದೇನೆ. ಕಂಬದ ವಿಷಯದಲ್ಲಿ ಎಚ್ಚರಿಕೆ ಏನಾದರೂ ಇದೆಯೇ?

ಕೊಟ್ಟಿಗೆಹಾರದಿಂದ

ಇದೆ. ದಿಬ್ಬದ ಮೇಲಿನ ಒಂಟಿ ಕಂಬಕ್ಕೆ ಅರ್ಥಿಂಗ್ ಮಾಡಿಸದೆ ರೂಟರ್ ಕೂರಿಸಬೇಡಿ. ಸಿಡಿಲಿನ ಕಾಟ ಹೆಚ್ಚಿರುವುದು ಜುಲೈ ಮಳೆಯಲ್ಲಲ್ಲ, ಏಪ್ರಿಲ್ ಮೇ ತಿಂಗಳ ಸಂಜೆಯ ಮಳೆಯಲ್ಲಿ. ಕಾಫಿ ಹೂ ಅರಳಿಸುವ ಹೂಮಳೆಗೆ ಕಾದು ಕೂತಿದ್ದ ದಿನವೇ ನನ್ನ ಮೊದಲ ರೂಟರ್ ಸುಟ್ಟುಹೋಯಿತು. ಮೋಡ ಕಟ್ಟಿದ ಕೂಡಲೇ, ಗುಡುಗು ಶುರುವಾಗುವ ಮುನ್ನವೇ, ಮನೆಯ ಕಡೆಯ ಪ್ಲಗ್ಗನ್ನೂ ನೆಟ್‌ವರ್ಕ್ ಕೇಬಲ್ಲನ್ನೂ ಕಿತ್ತಿಡುವಂತೆ ತಾಯಿಯವರಿಗೆ ಹೇಳಿಕೊಡಿ. ಕಂಬವನ್ನು ಆನೆ ನಡೆಯುವ ದಾರಿಯಿಂದ ಬದಿಗೆ ನೆಡಿ, ಬೆನ್ನು ಉಜ್ಜಲು ಅವಕ್ಕೆ ಕಬ್ಬಿಣವೂ ಆದೀತು.