ಎನ್-15 ಹೈಪರ್‌ಪೋಲರೈಸೇಶನ್: ಸಿಗ್ನಲ್ ಬರ್ತಾನೇ ಇಲ್ಲ, ದಯವಿಟ್ಟು ನೋಡಿ

ಪೆರ್ಲ_ಸ್ಪಿನ್
ನಮಸ್ಕಾರ. ಸೇಬರ್ ಸೆಟಪ್ ಹಾಕಿ ಸಾಕಾಗಿ ಹೋಗಿದೆ. ಸೇಬರ್ ಅಂದರೆ ಪ್ಯಾರಾಹೈಡ್ರೋಜನ್‌ನ (ಎರಡು ನ್ಯೂಕ್ಲಿಯಸ್‌ಗಳ ಸ್ಪಿನ್ ಎದುರುಬದುರು ಇರುವ ಹೈಡ್ರೋಜನ್) ಸ್ಪಿನ್ ಕ್ರಮವನ್ನು ಬೇರೆ ಅಣುವಿಗೆ ದಾಟಿಸಿ ಅದರ ಎನ್‌ಎಂಆರ್ ಸಿಗ್ನಲ್ ತುಂಬಾ ದೊಡ್ಡದು ಮಾಡುವ, ಅಂದರೆ ಹೈಪರ್‌ಪೋಲರೈಸ್ ಮಾಡುವ ವಿಧಾನ. ನನಗೆ ಬೇಕಿರುವುದು ಎನ್-15, ಸಾರಜನಕದ ಒಂದು ಐಸೋಟೋಪ್. ಪಿರಿಡಿನ್, ಮೆಥನಾಲ್, ಇರಿಡಿಯಂ ಕ್ಯಾಟಲಿಸ್ಟ್, ಪ್ಯಾರಾಹೈಡ್ರೋಜನ್ ಎಲ್ಲ ಇದೆ. ಭೂಮಿಯ ಕಾಂತಕ್ಷೇತ್ರ ತಡೆಯುವ ಮ್ಯೂ-ಮೆಟಲ್ ಶೀಲ್ಡ್ ಒಳಗೆ ಬಬಲ್ ಮಾಡಿ, ಟ್ಯೂಬ್ ಹಿಡಿದು ಓಡಿ ಮ್ಯಾಗ್ನೆಟ್‌ಗೆ ಹಾಕಿದರೆ ಎನ್-15 ಸ್ಪೆಕ್ಟ್ರಂನಲ್ಲಿ ಬರೀ ನಾಯ್ಸ್. ಪೇಪರ್‌ನಲ್ಲಿ ಇರುವ ಹಾಗೇ ಮಾಡಿದ್ದೇನೆ. ಮುಂದೆ ಮೆಟ್ರೋನಿಡಜೋಲ್ ಎಂಬ ಔಷಧದಲ್ಲಿ ಮಾಡಿ ಇಮೇಜಿಂಗ್‌ಗೆ ಹೋಗಬೇಕು ಅಂತ ಆಸೆ. ಪಿರಿಡಿನ್‌ನಲ್ಲೇ ನಿಂತುಬಿಟ್ಟಿದೆ. ಏನು ನೋಡಬೇಕು ಹೇಳಿ.

ಅಕ್ಕಲಕೋಟ_ಗ್ಯಾಸ್‌ಲೈನ್
ಪ್ಯಾರಾ ಎಷ್ಟು ಪರ್ಸೆಂಟ್? ಅದನ್ನೇ ಬರೆದಿಲ್ಲ. ಹತ್ತರಲ್ಲಿ ಒಂಬತ್ತು ಸಲ ತೊಂದರೆ ಅಲ್ಲೇ ಇರುತ್ತೆ.

ಪೆರ್ಲ_ಸ್ಪಿನ್
ಲಿಕ್ವಿಡ್ ನೈಟ್ರೋಜನ್‌ನಲ್ಲಿ ಮಾಡಿದ್ದು, 77 ಕೆಲ್ವಿನ್. ತಾಮ್ರದ ಸುರುಳಿ, ಒಳಗೆ ತೆಂಗಿನ ಕರಟದ ಇದ್ದಿಲು. ನಮ್ಮ ಕಡೆ ಅದಕ್ಕೆ ಬರ ಇಲ್ಲ. ನೈಟ್ರೋಜನ್ ದನಗಳ ವೀರ್ಯದ ಕಡ್ಡಿ ಇಡುವ ಕ್ಯಾನ್‌ನಲ್ಲಿ ಬರುತ್ತೆ.

ಅಕ್ಕಲಕೋಟ_ಗ್ಯಾಸ್‌ಲೈನ್
ನೋಡಿ, ಸಿಕ್ಕಿತು. ಒಲೆಗೆ ಹಾಕುವ ಕರಟದ ಇದ್ದಿಲಿನಲ್ಲಿ ಕನ್ವರ್ಶನ್ ಆಗಲ್ಲ, ಅಂದರೆ ಆರ್ಥೋ (ಎರಡು ಸ್ಪಿನ್ ಒಂದೇ ಕಡೆ ಇರುವ ಹೈಡ್ರೋಜನ್) ಪ್ಯಾರಾ ಆಗಲ್ಲ. ಐರನ್ ಆಕ್ಸೈಡ್ ಹಾಕಿ. ಇಲ್ಲದಿದ್ದರೆ ನೀವು ಬಬಲ್ ಮಾಡುತ್ತಿರುವುದು ಮಾಮೂಲಿ ಹೈಡ್ರೋಜನ್, 25 ಪರ್ಸೆಂಟ್ ಪ್ಯಾರಾ. ಅದರಿಂದ ಏನೂ ಸಿಗಲ್ಲ.

ಪೆರ್ಲ_ಸ್ಪಿನ್
ಒಲೆಯದ್ದಲ್ಲ, ಆಕ್ಟಿವೇಟೆಡ್ ಕಾರ್ಬನ್. ನೀರಿನ ಫಿಲ್ಟರ್‌ಗೆ ಹಾಕ್ತಾರಲ್ಲ, ಆ ಹರಳು.

ತಾಳವಾಡಿ_ಕ್ರಯೋ
ಆಕ್ಟಿವೇಟೆಡ್ ಆದರೆ ಕೆಲಸ ಮಾಡುತ್ತೆ, ನಾನೂ ಅದನ್ನೇ ಬಳಸುತ್ತೇನೆ. ಹಾಕುವ ಮೊದಲು ವ್ಯಾಕ್ಯೂಮ್‌ನಲ್ಲಿ ಬಿಸಿ ಮಾಡಿ ತೇವ ತೆಗೆಯಬೇಕು. ನಿಮ್ಮ ಮಳೆಗಾಲದ ಗಾಳಿಯಲ್ಲಿ ಡಬ್ಬಿ ಮುಚ್ಚಳ ತೆಗೆದಿಟ್ಟರೆ ಸಂಜೆಯೊಳಗೆ ನೀರು ಕುಡಿದಿರುತ್ತೆ.

ಇನ್ನೊಂದು ಮಾತು, ಇದು ಸಿಗ್ನಲ್‌ಗಿಂತ ಮುಖ್ಯ. ಸುರುಳಿಯಲ್ಲಿ ಗಾಳಿ ಉಳಿದಿರುವಾಗ ನೈಟ್ರೋಜನ್‌ಗೆ ಇಳಿಸಬೇಡಿ. ಆಕ್ಸಿಜನ್ 90 ಕೆಲ್ವಿನ್‌ನಲ್ಲೇ ದ್ರವ ಆಗುತ್ತೆ. ಇದ್ದಿಲು ಮತ್ತು ದ್ರವ ಆಕ್ಸಿಜನ್ ಸೇರಿದರೆ ಸ್ಫೋಟಕ. ಮೊದಲು ವ್ಯಾಕ್ಯೂಮ್ ಮಾಡಿ, ಹೈಡ್ರೋಜನ್ ತುಂಬಿ, ಆಮೇಲೆ ತಣ್ಣಗೆ ಮಾಡಿ. ಹೊರಗೆ ಬಿಡುವ ಹೈಡ್ರೋಜನ್‌ನ ಪೈಪು ಕಿಟಕಿಯ ಆಚೆ ಇರಲಿ.

ಅಕ್ಕಲಕೋಟ_ಗ್ಯಾಸ್‌ಲೈನ್
ಕಾರ್ಬನ್ ಬ್ಯಾಚಿನಿಂದ ಬ್ಯಾಚಿಗೆ ಬೇರೆ ಇರುತ್ತೆ. ಐರನ್ ಆಕ್ಸೈಡ್‌ಗೆ ಆ ಗೋಳಿಲ್ಲ. ನನ್ನ ಮಾತು ಅದೇ. ಅಳೆದು ನೋಡಿ. ಖಾಲಿ ಟ್ಯೂಬ್‌ಗೆ ಒಂದೇ ಪ್ರೆಶರ್‌ನಲ್ಲಿ ಮೊದಲು ಮಾಮೂಲಿ ಗ್ಯಾಸ್, ಆಮೇಲೆ ನಿಮ್ಮ ಗ್ಯಾಸ್ ತುಂಬಿ ಪ್ರೋಟಾನ್ ಸ್ಪೆಕ್ಟ್ರಂ ತೆಗೆಯಿರಿ. ಪ್ಯಾರಾ ಕಾಣಿಸಲ್ಲ, ಆರ್ಥೋ ಮಾತ್ರ ಕಾಣಿಸುತ್ತೆ. ಆರ್ಥೋ 75ರಿಂದ 50ಕ್ಕೆ ಇಳಿದಿದ್ದರೆ ಪೀಕ್ ಮೂರರಲ್ಲಿ ಎರಡು ಭಾಗ ಆಗಿರಬೇಕು.

ಹೊಸೂರು_ಮ್ಯಾಗ್ನೆಟ್
ನಾನು ನೈಟ್ರೋಜನ್ ಬಿಟ್ಟೇ ಬಿಟ್ಟೆ. ಕ್ರಯೋಕೂಲರ್ ಹಾಕಿದ್ದೇನೆ, 20 ಕೆಲ್ವಿನ್ ಹತ್ತಿರ ಹೋದರೆ ಪ್ಯಾರಾ 99 ಪರ್ಸೆಂಟ್ ದಾಟುತ್ತೆ. ಒಂದು ಅಲ್ಯೂಮಿನಿಯಂ ಸಿಲಿಂಡರ್ ತುಂಬಿಟ್ಟರೆ ದಿನಗಟ್ಟಲೆ ಕೆಡಲ್ಲ. ಮಾಸ್ ಫ್ಲೋ ಕಂಟ್ರೋಲರ್, ಸೊಲೆನಾಯ್ಡ್ ವಾಲ್ವ್, ಎಲ್ಲ ಕಂಪ್ಯೂಟರಿನಿಂದಲೇ. ಫೋಟೋ ನಾಳೆ ಹಾಕುತ್ತೇನೆ.

ಜತ್ತ_ಝೆನಾನ್
ಇಮೇಜಿಂಗ್ ಗುರಿ ಅಂದರೆ ಸೇಬರ್ ಯಾಕೆ? ಇರಿಡಿಯಂ, ಮೆಥನಾಲ್ ಎರಡನ್ನೂ ತೆಗೆಯದೆ ಯಾರ ಮೈಗೂ ಹಾಕಲಾಗಲ್ಲ. ನಾನು ಝೆನಾನ್-129 ಮಾಡುತ್ತೇನೆ. ರುಬಿಡಿಯಂ ಆವಿ, 794.7 ನ್ಯಾನೋಮೀಟರ್ ಲೇಸರ್, ಅಷ್ಟೇ. ಶ್ವಾಸಕೋಶದ ಇಮೇಜಿಂಗ್‌ಗೆ 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆಯನ್ನೂ ಕೊಟ್ಟಿದೆ. ಉಳಿದದ್ದಕ್ಕೆ ಡಿಎನ್‌ಪಿ ಇದೆ, ಎಲೆಕ್ಟ್ರಾನ್‌ಗಳ ಪೋಲರೈಸೇಶನ್ ನ್ಯೂಕ್ಲಿಯಸ್‌ಗೆ ದಾಟಿಸುವ ವಿಧಾನ. ಹಾಗೆ ಹೈಪರ್‌ಪೋಲರೈಸ್ ಮಾಡಿದ ಪೈರುವೇಟನ್ನು (ಮೈಯಲ್ಲಿ ಸಕ್ಕರೆ ಒಡೆದಾಗ ಬರುವ ವಸ್ತು) ರೋಗಿಗಳಿಗೆ ಕೊಟ್ಟ ಮೊದಲ ವರದಿ 2013ರಲ್ಲೇ ಬಂತು.

ತಾಳವಾಡಿ_ಕ್ರಯೋ
ಡಿಎನ್‌ಪಿಗೆ 1 ಕೆಲ್ವಿನ್ ಆಸುಪಾಸು ತಣ್ಣಗೆ ಮಾಡುವ ಹೀಲಿಯಂ, ದೊಡ್ಡ ಮ್ಯಾಗ್ನೆಟ್, ಮೈಕ್ರೋವೇವ್ ಬೇಕು. ಪೆರ್ಲದಲ್ಲಿ ಕೂತವರಿಗೆ ಅದನ್ನು ಹೇಳಿ ಏನು ಪ್ರಯೋಜನ? 2009ರಲ್ಲಿ ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು ಸೇಬರ್ ತೋರಿಸಿದ ಮೇಲೆ ಸಣ್ಣ ಲ್ಯಾಬಿನಲ್ಲೂ ಇದು ಮಾಡಬಹುದು ಅಂತ ಆಯ್ತು. 2019ರಲ್ಲಿ ಡಿಎಂಎಸ್‌ಓ ಎಂಬ ರಾಸಾಯನಿಕ ಸೇರಿಸಿ ಪೈರುವೇಟನ್ನೂ ಸೇಬರ್‌ನಲ್ಲೇ ಮಾಡಿದರು. ಝೆನಾನ್‌ಗೆ ಬೇರೆ ಥ್ರೆಡ್ ತೆರೆಯಿರಿ, ಅಲ್ಲಿ ನಾನೂ ಬರುತ್ತೇನೆ.

ಪೆರ್ಲ_ಸ್ಪಿನ್
ಅಕ್ಕಲಕೋಟದವರು ಹೇಳಿದ ಅಳತೆ ಮಾಡಿದೆ. ಮೂರರಲ್ಲಿ ಎರಡು ಭಾಗಕ್ಕೆ ತುಂಬಾ ಹತ್ತಿರ. ಅಲ್ಲದೆ ಶೀಲ್ಡ್ ಬಿಟ್ಟು 6.5 ಮಿಲಿಟೆಸ್ಲಾದಲ್ಲಿ ಬಬಲ್ ಮಾಡಿದರೆ ಪ್ರೋಟಾನ್ ಹೈಪರ್‌ಪೋಲರೈಸ್ ಆಗಿ ದೊಡ್ಡ ತಲೆಕೆಳಗಾದ ಪೀಕ್ ಬರುತ್ತೆ. ಅದು ಮೊದಲಿನಿಂದಲೂ ಬರುತ್ತಿದೆ.

ಹೊಸೂರು_ಮ್ಯಾಗ್ನೆಟ್
ಇದನ್ನು ಮೊದಲೇ ಹೇಳಬೇಕಿತ್ತು ಅಲ್ವಾ! ಪ್ರೋಟಾನ್ ಬಂದರೆ ಕ್ಯಾಟಲಿಸ್ಟ್ ಆಕ್ಟಿವ್ ಆಗಿದೆ, ಗ್ಯಾಸ್ ಸರಿ ಇದೆ. ಹಾಗಾದರೆ ಶೀಲ್ಡೇ. ಎನ್-15ಕ್ಕೆ 1 ಮೈಕ್ರೋಟೆಸ್ಲಾಗಿಂತ ಕಡಿಮೆ ಬೇಕು, ಸುಮಾರು 0.4. ನಮ್ಮ ಕಡೆ ಭೂಮಿಯ ಫೀಲ್ಡೇ 40 ಹತ್ತಿರ ಇದೆ.

ಅಕ್ಕಲಕೋಟ_ಗ್ಯಾಸ್‌ಲೈನ್
50 ಪರ್ಸೆಂಟ್ ಪ್ಯಾರಾ ಅಂದರೆ ಪೂರ್ತಿ ಪ್ಯಾರಾದಲ್ಲಿ ಸಿಗುವುದರ ಮೂರನೇ ಒಂದು ಭಾಗ ಮಾತ್ರ. ಎನ್-15 ಅಷ್ಟರಲ್ಲಿ ನಾಯ್ಸ್ ಒಳಗೆ ಮುಳುಗಿರಬಹುದು.

ತಾಳವಾಡಿ_ಕ್ರಯೋ
ಮೂರನೇ ಒಂದು ಭಾಗ ಆದರೂ ಥರ್ಮಲ್ (ಹೈಪರ್‌ಪೋಲರೈಸ್ ಮಾಡದ ಮಾಮೂಲಿ) ಸಿಗ್ನಲ್‌ಗಿಂತ ಸಾವಿರಾರು ಪಟ್ಟು. ಲೇಬಲ್ ಮಾಡಿದ, ಅಂದರೆ ಎನ್-15 ಹಾಕಿ ತಯಾರಿಸಿದ ಪಿರಿಡಿನ್ ಆದರೆ ಕಾಣಲೇಬೇಕು. ಲೇಬಲ್ ಇದೆ ತಾನೇ? ಮಾಮೂಲಿ ಸಾರಜನಕದಲ್ಲಿ ಎನ್-15 0.4 ಪರ್ಸೆಂಟ್ ಕೂಡ ಇಲ್ಲ.

ಪೆರ್ಲ_ಸ್ಪಿನ್
ಲೇಬಲ್ ಮಾಡಿದ್ದೇ. 100 ಮಿಲಿಮೋಲಾರ್, ಕ್ಯಾಟಲಿಸ್ಟ್ 5. ಶೀಲ್ಡ್ ಫೀಲ್ಡ್ ಫೋನಿನ ಆ್ಯಪ್‌ನಲ್ಲಿ ನೋಡಿದೆ, ಸೊನ್ನೆ ಹತ್ತಿರ ತೋರಿಸಿತು.

ಹೊಸೂರು_ಮ್ಯಾಗ್ನೆಟ್
ಫೋನನ್ನು ಶೀಲ್ಡ್ ಒಳಗೆ ಇಡಬೇಡಿ, ಸ್ಪೀಕರಿನಲ್ಲಿ ಅಯಸ್ಕಾಂತ ಇದೆ, ಮ್ಯೂ-ಮೆಟಲ್‌ಗೆ ಹತ್ತಿಬಿಡುತ್ತೆ. ಫ್ಲಕ್ಸ್‌ಗೇಟ್, ಅಂದರೆ ಸಣ್ಣ ಫೀಲ್ಡ್ ಅಳೆಯುವ ಮೀಟರ್ ಬೇಕು. ಮೊದಲು ಡೀಗಾಸ್ ಮಾಡಿ, ಅಂದರೆ ಶೀಲ್ಡ್‌ಗೆ ಹತ್ತಿದ ಅಯಸ್ಕಾಂತತ್ವ ತೆಗೆಯಿರಿ: ಶೀಲ್ಡ್ ಸುತ್ತ ವೈರ್ ಸುತ್ತಿ, ವೇರಿಯಾಕ್‌ನಿಂದ (ವೋಲ್ಟೇಜ್ ಏರಿಳಿಸುವ ಟ್ರಾನ್ಸ್‌ಫಾರ್ಮರ್) ಎಸಿ ಕೊಟ್ಟು, ನಿಧಾನವಾಗಿ ಸೊನ್ನೆಗೆ ಇಳಿಸಿ. ಆಮೇಲೆ ಒಳಗೆ ಮೀಟರಿಗೆ 1000 ಸುತ್ತಿನ ಲೆಕ್ಕದಲ್ಲಿ ಒಂದು ಸೊಲೆನಾಯ್ಡ್. 1.5 ವೋಲ್ಟ್ ಸೆಲ್‌ಗೆ 4.7 ಕಿಲೋಓಮ್ ಹಾಕಿದರೆ 0.32 ಮಿಲಿಆಂಪ್, ಸರಿಯಾಗಿ 0.4 ಮೈಕ್ರೋಟೆಸ್ಲಾ.

ಆದವಾನಿ_ಆರ್‌ಎಫ್
ಇಷ್ಟು ಹೊತ್ತು ಗ್ಯಾಸ್, ಶೀಲ್ಡ್ ಮಾತೇ ಆಯ್ತು. ಸ್ಪೆಕ್ಟ್ರಂ ಹೇಗೆ ತೆಗೆಯುತ್ತಾರೆ ಅಂತ ಯಾರೂ ಕೇಳಿಲ್ಲ. ಪ್ಯಾರಾಮೀಟರ್ ಫೈಲ್ ಪೂರ್ತಿ ಹಾಕಿ. ಡಮ್ಮಿ ಸ್ಕ್ಯಾನ್ (ದಾಖಲಿಸದೆ ಸುಮ್ಮನೆ ಕೊಡುವ ಪಲ್ಸ್), ಡಿಲೇ, ಫ್ಲಿಪ್ ಆ್ಯಂಗಲ್ (ಪಲ್ಸ್ ಸ್ಪಿನ್‌ಗಳನ್ನು ತಿರುಗಿಸುವ ಕೋನ), ವಿಂಡೋ (ಸ್ಪೆಕ್ಟ್ರಂನಲ್ಲಿ ನೋಡುವ ವ್ಯಾಪ್ತಿ) ಎಲ್ಲ.

ಪೆರ್ಲ_ಸ್ಪಿನ್
ಮೆಶೀನಿನ ಜೊತೆ ಬಂದ ಎನ್-15 ಫೈಲ್. 90 ಡಿಗ್ರಿ, ಡಮ್ಮಿ 4, ಡಿಲೇ 2 ಸೆಕೆಂಡ್, ಸ್ಕ್ಯಾನ್ 64. ಆಟೋ ಲಾಕ್ ಆನ್. ವಿಂಡೋ ಸೆಂಟರ್ 120 ಪಿಪಿಎಂ (ಸ್ಪೆಕ್ಟ್ರಂನಲ್ಲಿ ಪೀಕಿನ ಜಾಗ ಹೇಳುವ ಅಳತೆ).

ಆದವಾನಿ_ಆರ್‌ಎಫ್
ಆ ಫೈಲ್ ಥರ್ಮಲ್ ಸ್ಯಾಂಪಲ್‌ಗೆ ಬರೆದದ್ದು. ಡಮ್ಮಿಯ ಮೊದಲ 90 ಡಿಗ್ರಿ ಪಲ್ಸ್‌ಗೇ ನಿಮ್ಮ ಪೋಲರೈಸೇಶನ್ ಅಷ್ಟೂ ಹೋಗುತ್ತೆ, ರಿಸೀವರ್ ತೆರೆಯುವ ಹೊತ್ತಿಗೆ ಏನೂ ಉಳಿದಿರಲ್ಲ. ನಿಮ್ಮ ಕಡೆ ನೀರಿಗೆ ಗುಡ್ಡ ಕೊರೆದ ಸುರಂಗದ ನೀರಿನ ಹಾಗೆ ಮತ್ತೆ ಒಸರಲ್ಲ ಇದು. ಡಮ್ಮಿ 0, ಸ್ಕ್ಯಾನ್ 1, ಪಲ್ಸ್ ಮುಂಚಿನ ಡಿಲೇ ತೆಗೆಯಿರಿ. ಲಾಕ್, ಶಿಮ್ (ಮ್ಯಾಗ್ನೆಟ್ ಫೀಲ್ಡ್ ಸ್ಥಿರವಾಗಿ, ಸಮವಾಗಿ ಇಡುವ ಹೊಂದಾಣಿಕೆ) ಎಲ್ಲ ಬೇರೆ ಟ್ಯೂಬ್‌ನಲ್ಲಿ ಮೊದಲೇ ಮುಗಿಸಿ ಆಟೋ ಆಫ್ ಮಾಡಿ. ಇನ್ನೊಂದು, ಇರಿಡಿಯಂಗೆ ಅಂಟದ ಪಿರಿಡಿನ್ 300 ಪಿಪಿಎಂ ಹತ್ತಿರ ಬರುತ್ತೆ. 120ಕ್ಕೆ ಸೆಂಟರ್ ಇಟ್ಟರೆ ಅದು ವಿಂಡೋ ಆಚೆ ಇರಬಹುದು. 280ಕ್ಕೆ ಇಡಿ.

ಪೆರ್ಲ_ಸ್ಪಿನ್
ಬಂತು! ಒಂದೇ ಸ್ಕ್ಯಾನ್! 300 ಹತ್ತಿರ ಎತ್ತರದ ಪೀಕ್, 255 ಹತ್ತಿರ ಇರಿಡಿಯಂಗೆ ಅಂಟಿದ್ದು ಚಿಕ್ಕದಾಗಿ. ಆದವಾನಿಯವರಿಗೆ ಕೈ ಮುಗಿದೆ. ಆದರೆ ಒಂದು ಸಲ ಬಂದಷ್ಟು ಇನ್ನೊಂದು ಸಲ ಬರಲ್ಲ, ಅರ್ಧಕ್ಕೆ ಇಳಿಯುತ್ತೆ. ಡೀಗಾಸ್ ಇನ್ನೂ ಮಾಡಿಲ್ಲ.

ಅಕ್ಕಲಕೋಟ_ಗ್ಯಾಸ್‌ಲೈನ್
ಏರಿಳಿತಕ್ಕೆ ಕಾರಣ ಕಾರ್ಬನ್. ಐರನ್ ಆಕ್ಸೈಡ್ ಹಾಕಿ ನೋಡಿ.

ಹೊಸೂರು_ಮ್ಯಾಗ್ನೆಟ್
ಶೀಲ್ಡ್‌ನಿಂದ ಮ್ಯಾಗ್ನೆಟ್‌ಗೆ ಒಯ್ಯುವ ಹೊತ್ತು ಪ್ರತಿ ಸಲ ಒಂದೇ ಇದೆಯಾ? ಮೆಥನಾಲ್ ಬಬ್ಲಿಂಗ್‌ನಲ್ಲಿ ಹಾರಿಹೋಗಿ ಮಟ್ಟ ಇಳಿದಿದೆಯಾ? ಅದೆರಡು ನೋಡಿ, ಡೀಗಾಸ್ ಮಾಡಿ, ಆಮೇಲೆ ಕಾರ್ಬನ್ ಮುಟ್ಟಿ.

ಆದವಾನಿ_ಆರ್‌ಎಫ್
10 ಡಿಗ್ರಿ ಪಲ್ಸ್ ಸಾಲಾಗಿ ಕೊಟ್ಟು ಇಳಿಕೆಯ ಗೆರೆಯನ್ನೂ ತೆಗೆದು ಹಾಕಿ. ಇಮೇಜಿಂಗ್‌ಗೆ ಎಷ್ಟು ಹೊತ್ತು ಸಿಗುತ್ತೆ ಅಂತ ಅದರಲ್ಲೇ ಗೊತ್ತಾಗುತ್ತೆ.

ಜತ್ತ_ಝೆನಾನ್
ಝೆನಾನ್ ಥ್ರೆಡ್ ತೆರೆದಿದ್ದೇನೆ. ತಾಳವಾಡಿಯವರು ಬನ್ನಿ. ಪೆರ್ಲದವರೇ, ಆ ಮ್ಯೂ-ಮೆಟಲ್ ಶೀಲ್ಡ್ ಎಲ್ಲಿ ಮಾಡಿಸಿದಿರಿ?