ಊರಲ್ಲಿ ಇಲ್ಲದ ಕೆಮ್ಮು ಮುಂಬೈಯ ಚೆಂಬೂರಿಗೆ ಬಂದ ಕೂಡಲೇ ಯಾಕೆ?

ಚೆಂಬೂರಿನ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಏಳು ವರ್ಷ. ದೀಪಾವಳಿ ಕಳೆದು ಚಳಿ ಶುರುವಾದರೆ ಸಾಕು, ರಾತ್ರಿ ಎರಡು ಗಂಟೆಗೆ ಎದ್ದು ಕೂತು ಕೆಮ್ಮುತ್ತಾಳೆ. ಬೆನ್ನಿಗೆ ಕಿವಿ ಇಟ್ಟರೆ ಒಳಗೆ ಪೀಪಿ ಊದಿದ ಹಾಗೆ ಸುಯ್ ಸುಯ್ ಸದ್ದು. ಹೋದ ಡಿಸೆಂಬರ್‌ನಲ್ಲಿ ಮದುವೆಗೆ ಅಂತ ಕುಂದಾಪುರಕ್ಕೆ ಹೋಗಿದ್ದೆವು, ಮೂರನೇ ದಿನಕ್ಕೆ ಕೆಮ್ಮು ಮಾಯ. ವಾಪಸ್ ಬಂದು ಕುರ್ಲಾದಲ್ಲಿ ಮತ್ಸ್ಯಗಂಧ ರೈಲು ಇಳಿದು ವಾರ ಆಗಿಲ್ಲ, ಮತ್ತೆ ಶುರು. ಪಕ್ಕದ ಬಿಲ್ಡಿಂಗ್ ರೀಡೆವಲಪ್‌ಮೆಂಟ್‌ಗೆ ಅಂತ ಒಡೆಯುತ್ತಿದ್ದಾರೆ. ಬೆಳಿಗ್ಗೆ ತೊಳೆದ ತುಳಸಿ ಎಲೆಯನ್ನು ಸಂಜೆ ಮುಟ್ಟಿದರೆ ಬೆರಳಿಗೆ ಬೂದಿ ಬಣ್ಣ ಹತ್ತುತ್ತದೆ. ಡಾಕ್ಟ್ರು ಬಾಯಲ್ಲಿ ಎಳೆದುಕೊಳ್ಳುವ ಪಂಪ್ (ಇನ್ಹೇಲರ್) ಬರೆದುಕೊಟ್ಟಿದ್ದಾರೆ. ಅತ್ತೆ, ಅದು ಅಭ್ಯಾಸ ಆಗಿಬಿಡುತ್ತದೆ, ಬೇಡ, ಹುಡುಗಿಗೆ ಶಕ್ತಿ ಕಮ್ಮಿ ಅಷ್ಟೇ ಅಂತಾರೆ. ಇದು ಗಾಳಿಯಿಂದಲೇನಾ? ಪಂಪ್ ಕೊಡಬಹುದಾ? ಮನೆ ಬದಲಾಯಿಸುವುದು ನಮ್ಮ ಕೈಲಿ ಆಗುವ ಮಾತಲ್ಲ.

ಮಕ್ಕಳ ವಾರ್ಡ್ ನರ್ಸ್, ಮಾಟುಂಗ:
ತಂಗೀ, ಮೊದಲು ಪಂಪ್ ವಿಷಯ. ದಯವಿಟ್ಟು ಕೊಡಿ. ಔಷಧಿ ನೇರ ಶ್ವಾಸನಾಳಕ್ಕೆ ಹೋಗುವುದರಿಂದ ತೀರಾ ಕಡಿಮೆ ಸಾಕಾಗುತ್ತದೆ, ಚಟ ಹತ್ತುವುದಿಲ್ಲ. ಎರಡು ಪಂಪ್ ಕೊಟ್ಟಿದ್ದರೆ ಒಂದು ಉಸಿರು ಕಟ್ಟಿದಾಗ ತಕ್ಷಣಕ್ಕೆ, ಇನ್ನೊಂದು ದಿನಾ ತಪ್ಪದೆ. ತುಂಬಾ ಜನ ಕೆಮ್ಮು ನಿಂತ ಕೂಡಲೇ ದಿನಾ ತಗೊಳ್ಳುವ ಈ ಪಂಪನ್ನೇ ಬಿಡುತ್ತಾರೆ, ಎಂಟು ದಿನಕ್ಕೆ ಮಗುವನ್ನು ಎತ್ತಿಕೊಂಡು ಓಡಿ ಬರುತ್ತಾರೆ. ಅದನ್ನು ನೋಡಿ ನೋಡಿ ಸಂಕಟ ಆಗುತ್ತದೆ. ಸ್ಪೇಸರ್, ಅಂದರೆ ಪಂಪಿಗೆ ಜೋಡಿಸುವ ಪ್ಲಾಸ್ಟಿಕ್ ಕೊಳವೆ, ಹಚ್ಚಿ ಕೊಡಿ, ಆಮೇಲೆ ಬಾಯಿ ಮುಕ್ಕಳಿಸಲಿ.

ಚಳಿಗಾಲದಲ್ಲೇ ಯಾಕೆ ಅಂದರೆ, ಮಳೆಯಲ್ಲಿ ಧೂಳು ತೊಳೆದು ಹೋಗುತ್ತದೆ. ನವೆಂಬರ್ ನಂತರ ಸಮುದ್ರದ ಗಾಳಿ ಬಲ ಕಳೆದುಕೊಂಡು, ತಣ್ಣನೆಯ ಗಾಳಿ ನೆಲದ ಹತ್ತಿರವೇ ಕೂರುತ್ತದೆ, ಹೊಗೆ ಧೂಳು ಎಲ್ಲ ಅದರೊಳಗೇ. ಪಿಎಂ 2.5 ಅನ್ನುವ ಸಣ್ಣ ಕಣ ಕೂದಲಿಗಿಂತ ಎಷ್ಟೋ ಪಾಲು ಸಣ್ಣದು, ಮೂಗಲ್ಲಿ ನಿಲ್ಲುವುದಿಲ್ಲ, ಶ್ವಾಸಕೋಶದ ತಳಕ್ಕೇ ಇಳಿಯುತ್ತದೆ, ರಕ್ತಕ್ಕೂ ಸೇರುತ್ತದೆ. ಹಾಗಾಗಿ ದೊಡ್ಡವರಿಗೆ ಹೃದಯದ ತೊಂದರೆ, ಪಾರ್ಶ್ವವಾಯು ಕೂಡ. ಒಂದು ಘನ ಮೀಟರ್ ಗಾಳಿಯಲ್ಲಿ ಈ ಕಣ ದಿನದ ಸರಾಸರಿ 60 ಮೈಕ್ರೊಗ್ರಾಂ ತನಕ ಪರವಾಗಿಲ್ಲ ಅನ್ನುತ್ತದೆ ನಮ್ಮ ದೇಶದ ನಿಯಮ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಗಾಳಿಯ ಗುಣಮಟ್ಟ ತೋರಿಸುವ ಆ್ಯಪ್‌ನಲ್ಲಿ ಹಸಿರು ಕಂಡರೂ ಉಬ್ಬಸದ ಮಗುವಿಗೆ ಯಾಕೆ ಕಷ್ಟ ಅಂತ ಇದರಿಂದ ಗೊತ್ತಾಗುತ್ತದೆ ಅಲ್ವಾ? ಹಾಂ, ಮಲಗುವ ಕೋಣೆಯಲ್ಲಿ ಸೊಳ್ಳೆ ಬತ್ತಿ, ಅಗರಬತ್ತಿ ಬೇಡವೇ ಬೇಡ.

ಗೋವಂಡಿ ಮೇಷ್ಟ್ರು:
ಹುಡುಗಿಗೆ ಶಕ್ತಿ ಕಮ್ಮಿ ಅನ್ನುವ ಮಾತನ್ನು ದಯವಿಟ್ಟು ನಂಬಬೇಡಿ ತಾಯಿ. ನಾನಿರುವುದು ದೇವನಾರ್ ಕಸದ ಗುಡ್ಡದ ಮಗ್ಗುಲಲ್ಲಿ. 1927ರಿಂದ ಮುಂಬೈಯ ಕಸ ಅಲ್ಲಿ ಬೀಳುತ್ತಾ ಬಂದಿದೆ. 2016ರ ಜನವರಿಯಲ್ಲಿ ಬೆಂಕಿ ಬಿದ್ದಾಗ ದಿನಗಟ್ಟಲೆ ಹೊಗೆ, ಶಾಲೆಗಳನ್ನೇ ಮುಚ್ಚಿದ್ದರು. ಒದ್ದೆ ಟವೆಲ್ ಮುಖಕ್ಕೆ ಕಟ್ಟಿಕೊಂಡು ಮಲಗಿದ್ದೆವು. ಇವತ್ತಿಗೂ ನನ್ನ ಕ್ಲಾಸಿನಲ್ಲಿ ಹಾಜರಿ ಕರೆಯುವಾಗ ಮಧ್ಯೆ ಮಧ್ಯೆ ಕೆಮ್ಮು ಕೇಳುತ್ತಲೇ ಇರುತ್ತದೆ. ಅಷ್ಟೂ ಮಕ್ಕಳಿಗೆ ಶಕ್ತಿ ಕಮ್ಮಿನಾ?

ನಿಮ್ಮ ಹತ್ತಿರದ ಮಾಹುಲ್‌ನದೇ ನೋಡಿ. ರಿಫೈನರಿಗಳ ಪಕ್ಕಕ್ಕೆ ಕಳಿಸಿದ ಬಡ ಕುಟುಂಬಗಳು ಹೋರಾಡಿದ ಮೇಲೆ 2019ರಲ್ಲಿ ಬಾಂಬೆ ಹೈಕೋರ್ಟ್, ಬೇರೆ ಕಡೆ ಮನೆ ಕೊಡಿ, ಇಲ್ಲವಾದರೆ ತಿಂಗಳಿಗೆ 15,000 ರೂಪಾಯಿ ಬಾಡಿಗೆ ಕೊಡಿ ಅಂತ ಸರ್ಕಾರಕ್ಕೆ ಹೇಳಿತು. ಗಾಳಿಯಿಂದ ಕಾಯಿಲೆ ಅನ್ನುವುದು ಸುಮ್ನೆ ಹೆದರಿಕೆಯ ಮಾತಾಗಿದ್ದರೆ ಕೋರ್ಟು ಹೀಗೆ ಹೇಳುತ್ತಿತ್ತಾ?

ಸೈಟ್ ಎಂಜಿನಿಯರ್, ಡೊಂಬಿವ್ಲಿ:
ಒಡೆಯುವ ಬಿಲ್ಡಿಂಗ್‌ಗೆ ಹಸಿರು ಬಟ್ಟೆ ಕಟ್ಟಬೇಕು, ಒಡೆಯುವಾಗ ನೀರು ಹೊಡೆಯುತ್ತಲೇ ಇರಬೇಕು, ಲಾರಿಗೆ ಟಾರ್ಪಾಲ್ ಮುಚ್ಚಬೇಕು. ಇದು 2023ರ ಅಕ್ಟೋಬರ್‌ನಲ್ಲಿ ಬಿಎಂಸಿ, ಅಂದರೆ ಮುಂಬೈ ಮಹಾನಗರ ಪಾಲಿಕೆ, ಹೊರಡಿಸಿದ ನಿಯಮ. ನೀರು ಹೊಡೆಯುವುದಕ್ಕೆ ದೊಡ್ಡ ಖರ್ಚೇನಿಲ್ಲ, ಒಬ್ಬ ಆಳು, ಒಂದು ಪೈಪ್. ತಾರೀಕು ಕಾಣುವ ಹಾಗೆ ಫೋಟೊ ತೆಗೆದು ವಾರ್ಡ್ ಆಫೀಸಿಗೆ ಕೊಡಿ. ಒಬ್ಬರೇ ಹೋಗಬೇಡಿ, ಸೊಸೈಟಿ ಲೆಟರ್‌ಹೆಡ್‌ನಲ್ಲಿ ಹೋಗಲಿ.

ಚೆಂಬೂರಿನ ಅಮ್ಮ:
ಅಕ್ಕಾ, ನಿಮ್ಮ ಉತ್ತರವನ್ನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದೆ. ಸ್ಪೇಸರ್ ಅವರೇ ಹಿಡಿದುಕೊಂಡರು. ಫೋಟೊ ಇವತ್ತೇ ತೆಗೆದಿದ್ದೇನೆ, ಬಟ್ಟೆಯೂ ಇಲ್ಲ, ನೀರೂ ಇಲ್ಲ. ಭಾನುವಾರ ಸೊಸೈಟಿ ಮೀಟಿಂಗ್ ಇದೆ. ಅರ್ಜಿ ಮರಾಠಿಯಲ್ಲಿ ಬರೆದಿಟ್ಟಿದ್ದೇನೆ, ಮೇಷ್ಟ್ರೇ, ಸ್ವಲ್ಪ ತಿದ್ದಿಕೊಡುತ್ತೀರಾ?